ಸಿಲಿಂಡರಿನ ಮೈಮೇಲಿನ ಬರಹ

ಸೊಲ್ಲಾಪುರದಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿ ಹುನಗುಂದದ ಮಗ್ಗುಲಲ್ಲಿ ಹಾದು, ಇಳಕಲ್ಲನ್ನು ಮುಟ್ಟಿ, ಕುಷ್ಟಗಿ, ಹೊಸಪೇಟೆಗಳ ಕಡೆಗೆ ಇಳಿಯುತ್ತದೆ. ಬೆಳಗಾವಿ–ರಾಯಚೂರು ರಸ್ತೆ ಬಾಗಲಕೋಟೆಯಿಂದ ಬಂದು ಹುನಗುಂದದ ಹತ್ತಿರ ಅದನ್ನು ಅಡ್ಡ ಹಾಯುತ್ತದೆ. ಹಗಲು ರಾತ್ರಿ ಈ ರಸ್ತೆಗಳಲ್ಲಿ ಲಾರಿಗಳದೇ ಸಾಲು. ಇಳಕಲ್ಲಿನ ಕೆಂಪು ಗ್ರಾನೈಟು, ಸಿಮೆಂಟಿನ ಚೀಲ, ಹಂಗಾಮಿನಲ್ಲಿ ಕಬ್ಬು ಇವೆಲ್ಲ ಏನೆಂದು ಶಾಲೆಯ ಮಕ್ಕಳಿಗೂ ನೋಡಿದ ಕೂಡಲೇ ಗೊತ್ತಾಗುತ್ತದೆ. ಆದರೆ ಇದೇ ಸಾಲಿನಲ್ಲಿ ಉದ್ದನೆಯ ಗುಂಡು ಮೈಯ ಟ್ಯಾಂಕರುಗಳೂ, ಸಿಲಿಂಡರುಗಳನ್ನು ನಿಲ್ಲಿಸಿ ಹಗ್ಗ ಬಿಗಿದ ಲಾರಿಗಳೂ ಇರುತ್ತವೆ. ಅವುಗಳ ಹೊಟ್ಟೆಯಲ್ಲಿರುವುದು ಕಣ್ಣಿಗೆ ಕಾಣದು. ಕಾಣುವುದು ಹಿಂಬದಿಯಲ್ಲಿ ಮೂಲೆಯ ಮೇಲೆ ನಿಲ್ಲಿಸಿದಂತಿರುವ ಒಂದು ಚೌಕ, ಅದರೊಳಗೊಂದು ಚಿತ್ರ, ಪಕ್ಕದಲ್ಲಿ ಕೆಲವು ಅಂಕಿಗಳು. ಬಹಳ ಜನ ಅದನ್ನು ಕಂಪನಿಯ ಗುರುತೆಂದೇ ತಿಳಿದಿದ್ದಾರೆ. ಅದು ಗುರುತಲ್ಲ, ಎಚ್ಚರಿಕೆ. ಅದನ್ನು ಓದಲು ಕಲಿಯುವುದು ಕಷ್ಟವೇನಲ್ಲ. ಹತ್ತನೆಯ ತರಗತಿಯ ವಿಜ್ಞಾನ ತಿಳಿದವರಿಗೆ ಅರ್ಧ ಗಂಟೆಯ ಕೆಲಸ.

ಒಂದೂವರೆ ಚೀಲ ಜೋಳ

ಈ ಎಚ್ಚರಿಕೆ ಏಕೆ ಬೇಕೆಂಬುದನ್ನು ಮೊದಲು ನೋಡೋಣ. ಆಸ್ಪತ್ರೆಯಲ್ಲಿ ಕಾಣುವ ಎತ್ತರದ ಆಮ್ಲಜನಕದ ಸಿಲಿಂಡರಿನ ಒಳಗೆ ನೀರು ತುಂಬಿದರೆ ಸುಮಾರು 46.7 ಲೀಟರ್ ಹಿಡಿಯುತ್ತದೆ. ಅದೇ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್, ಅಂದರೆ 7 ಘನ ಮೀಟರ್ ಆಮ್ಲಜನಕವನ್ನು ತುಂಬಿರುತ್ತಾರೆ. ಇದು ಹೇಗೆ ಸಾಧ್ಯ? ಬಾಯ್ಲನ ನಿಯಮವನ್ನು ನೆನಪಿಸಿಕೊಳ್ಳಿ. ಅನಿಲದ ಗಾತ್ರವನ್ನು 150 ಪಟ್ಟು ಕುಗ್ಗಿಸಿದರೆ ಒತ್ತಡ ಹೆಚ್ಚು ಕಡಿಮೆ 150 ಪಟ್ಟು ಏರುತ್ತದೆ. ಹೀಗೆ ಒಳಗೋಡೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 150 ಕೆ.ಜಿ. ಭಾರ ಬೀಳುತ್ತದೆ. ಕಿರುಬೆರಳಿನ ಉಗುರಿನಷ್ಟು ಜಾಗದ ಮೇಲೆ ಕ್ವಿಂಟಲ್ ತೂಕದ ಒಂದೂವರೆ ಚೀಲ ಜೋಳವನ್ನು ಹೇರಿದಂತೆ!

ಇನ್ನು ಬಿಸಿಲು. ಮೇಲೆ ಹೇಳಿದ ಒತ್ತಡ 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅಳೆದದ್ದು. ಕೆಲ್ವಿನ್ ಮಾಪನದಲ್ಲಿ ಇದು 288. ಬಾಗಲಕೋಟೆಯ ಏಪ್ರಿಲ್ ಬಿಸಿಲಿನಲ್ಲಿ ನಿಂತ ಲಾರಿಯ ಮೇಲಿನ ಉಕ್ಕು 50 ಡಿಗ್ರಿಗೆ ಕಾಯುವುದು ದೊಡ್ಡ ಮಾತಲ್ಲ. ಇದು 323 ಕೆಲ್ವಿನ್. 150ನ್ನು 323ರಿಂದ ಗುಣಿಸಿ 288ರಿಂದ ಭಾಗಿಸಿದರೆ 168 ಬರುತ್ತದೆ. ಗಟ್ಟಿಯಾದ ಸಿಲಿಂಡರು ಇದನ್ನು ತಾಳಿಕೊಳ್ಳುತ್ತದೆ. ಏಕೆಂದರೆ ಅದನ್ನು ಸುಮಾರು 250ರಷ್ಟು ಒತ್ತಡದ ನೀರು ತುಂಬಿ ಪರೀಕ್ಷಿಸಿರುತ್ತಾರೆ. ಆದರೆ ತುಕ್ಕು ಹಿಡಿದ, ನೆಗ್ಗಿದ, ಪರೀಕ್ಷೆಯ ಅವಧಿ ಮುಗಿದ ಸಿಲಿಂಡರಿನ ವಿಷಯ ಹಾಗಲ್ಲ. ಬಿದ್ದ ಪೆಟ್ಟಿಗೆ ಅದರ ಕವಾಟ ಮುರಿಯಿತೆಂದರೆ ಒಳಗಿನ ಅನಿಲ ಒಂದು ಕಡೆಗೆ ಚಿಮ್ಮುತ್ತದೆ, ಉಕ್ಕಿನ ಸಿಲಿಂಡರು ಇನ್ನೊಂದು ಕಡೆಗೆ ಹಾರುತ್ತದೆ. ನ್ಯೂಟನ್ನನ ಮೂರನೆಯ ನಿಯಮಕ್ಕೆ ಇದಕ್ಕಿಂತ ಭಯಂಕರವಾದ ಉದಾಹರಣೆ ಬೇಕಿಲ್ಲ. ಸಾಗಿಸುವಾಗ ಕವಾಟಕ್ಕೆ ಉಕ್ಕಿನ ಟೊಪ್ಪಿಗೆ ಹಾಕುವುದು ಈ ಕಾರಣಕ್ಕೆ.

ಅಡುಗೆ ಅನಿಲದ ಬಗೆ ಬೇರೆ. ಅದು ಸಿಲಿಂಡರಿನಲ್ಲಿ ದ್ರವವಾಗಿರುತ್ತದೆ, ಒತ್ತಡವೂ ಆಮ್ಲಜನಕದಷ್ಟು ಇರುವುದಿಲ್ಲ. ಅಪಾಯ ಇರುವುದು ಅದು ಹಿಗ್ಗುವುದರಲ್ಲಿ. ಒಂದು ಲೀಟರ್ ದ್ರವ ಹೊರಬಂದರೆ ಸುಮಾರು 250 ಲೀಟರ್ ಆವಿಯಾಗುತ್ತದೆ. ಮನೆಯ 14.2 ಕೆ.ಜಿ.ಯ ಸಿಲಿಂಡರಿನಲ್ಲಿ ಸುಮಾರು 26 ಲೀಟರ್ ದ್ರವವಿದೆ ಎಂದುಕೊಂಡರೆ ಆವಿ ಆರೂವರೆ ಘನ ಮೀಟರ್ ಆಯಿತು. ಗಾಳಿಯಲ್ಲಿ ಈ ಆವಿ ಶೇಕಡಾ ಎರಡರಷ್ಟು ಬೆರೆತರೂ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಲೆಕ್ಕ ಹಾಕಿ ನೋಡಿ: ಉದ್ದ, ಅಗಲ, ಎತ್ತರ ಹತ್ತತ್ತು ಅಡಿ ಇರುವ ಹತ್ತಕ್ಕೂ ಹೆಚ್ಚು ಕೋಣೆಗಳನ್ನು ಒಂದೇ ಸಿಲಿಂಡರು ಅಪಾಯದ ಮಿಶ್ರಣದಿಂದ ತುಂಬಬಲ್ಲದು.

ಮೂರು ಚಿತ್ರ, ಮೂರು ಬಣ್ಣ

ಅಪಾಯದ ಸರಕುಗಳನ್ನು ಎಲ್ಲ ದೇಶಗಳೂ ಒಂದೇ ರೀತಿಯಲ್ಲಿ ಗುರುತಿಸಬೇಕೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 1956ರಲ್ಲಿ ಮೊದಲ ಶಿಫಾರಸುಗಳನ್ನು ಪ್ರಕಟಿಸಿತು. ಹೊದಿಕೆಯ ಬಣ್ಣದಿಂದಾಗಿ ಅದಕ್ಕೆ ‘ಕಿತ್ತಳೆ ಪುಸ್ತಕ’ ಎಂದೇ ಹೆಸರು. ಅದರಲ್ಲಿ ಅಪಾಯದ ಸರಕುಗಳಿಗೆ ಒಂಬತ್ತು ವರ್ಗಗಳಿವೆ. ಅನಿಲಗಳದ್ದು ಎರಡನೆಯ ವರ್ಗ. ಚೌಕದ ಕೆಳಮೂಲೆಯಲ್ಲಿ 2 ಎಂಬ ಅಂಕಿ ಇದ್ದರೆ ಒಳಗಿರುವುದು ಅನಿಲವೆಂದು ತಿಳಿಯಬೇಕು.

ಈ ವರ್ಗದಲ್ಲಿ ಮೂರು ಒಳಭೇದಗಳಿವೆ. ಕೆಂಪು ಚೌಕದಲ್ಲಿ ಉರಿಯುವ ಜ್ವಾಲೆ ಇದ್ದರೆ ಅದು ದಹನಶೀಲ ಅನಿಲ. ಅಡುಗೆ ಅನಿಲ, ಜಲಜನಕ, ವೆಲ್ಡಿಂಗಿನ ಅಸಿಟಲಿನ್ ಇವೆಲ್ಲ ಇಲ್ಲಿ ಬರುತ್ತವೆ. ಹಸಿರು ಚೌಕದಲ್ಲಿ ಸಿಲಿಂಡರಿನ ಚಿತ್ರ ಇದ್ದರೆ ಅದು ತಾನು ಉರಿಯದ, ವಿಷವೂ ಅಲ್ಲದ ಅನಿಲ. ಸಾರಜನಕ, ಆರ್ಗಾನ್, ಹೀಲಿಯಂ, ಸೋಡಾ ಅಂಗಡಿಯ ಇಂಗಾಲದ ಡೈ ಆಕ್ಸೈಡ್ ಇದಕ್ಕೆ ಉದಾಹರಣೆ. ಬಿಳಿ ಚೌಕದಲ್ಲಿ ತಲೆಬುರುಡೆ, ಎರಡು ಎಲುಬು ಇದ್ದರೆ ವಿಷಾನಿಲ. ಕುಡಿಯುವ ನೀರನ್ನು ಶುದ್ಧಗೊಳಿಸಲು ಬಳಸುವ ಕ್ಲೋರಿನ್ ಇದಕ್ಕೆ ಸೇರಿದ್ದು.

ಆಮ್ಲಜನಕಕ್ಕೆ ಎರಡು ಚೌಕಗಳು. ಹಸಿರಿನ ಜೊತೆಗೆ ಹಳದಿ ಬಣ್ಣದ್ದೊಂದು. ಅದರಲ್ಲಿ ವೃತ್ತದ ಮೇಲೆ ಜ್ವಾಲೆಯ ಚಿತ್ರವಿರುತ್ತದೆ. ಆಮ್ಲಜನಕ ತಾನು ಉರಿಯದು, ಆದರೆ ಉರಿಯುವ ಎಲ್ಲವನ್ನೂ ರಭಸದಿಂದ ಉರಿಸುತ್ತದೆ ಎಂಬುದು ಅದರ ಅರ್ಥ. ಗ್ರೀಸ್ ಹತ್ತಿದ ಕೈಯಿಂದ ಆಮ್ಲಜನಕದ ಕವಾಟವನ್ನು ಮುಟ್ಟಬಾರದೆಂದು ಹೇಳುವುದು ಇದಕ್ಕಾಗಿ. ಒತ್ತಡದ ಆಮ್ಲಜನಕದಲ್ಲಿ ಎಣ್ಣೆಯ ಜಿಡ್ಡು ತಾನಾಗಿಯೇ ಹೊತ್ತಿಕೊಳ್ಳಬಲ್ಲದು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಈ ಗುರುತುಗಳನ್ನು ಬರಹದಲ್ಲಿ ಅಲ್ಲ, ಚಿತ್ರದಲ್ಲಿ ಬರೆದಿದ್ದಾರೆ. ಲಾರಿ ಉರುಳಿದಾಗ ಮೊದಲು ಓಡಿ ಬರುವವರು ಅಗ್ನಿಶಾಮಕ ದಳದವರಲ್ಲ. ಪಕ್ಕದ ಹೊಲದಲ್ಲಿ ಕೆಲಸ ಮಾಡುತ್ತಿದ್ದ ರೈತರು, ದಾರಿಯ ಚಹದಂಗಡಿಯವರು, ಶಾಲೆಯಿಂದ ಮನೆಗೆ ಹೊರಟ ಮಕ್ಕಳು. ಅವರಿಗೆ ಇಂಗ್ಲಿಷ್ ಬರಲಿ ಬಿಡಲಿ, ಜ್ವಾಲೆಯೂ ತಲೆಬುರುಡೆಯೂ ತಿಳಿಯಬೇಕು.

ಲಾರಿಯ ಹಲಗೆ ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಈ ಗುರುತುಗಳು ಕಾನೂನಿನ ಮಾತು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಅಪಾಯದ ಸರಕು ಒಯ್ಯುವ ವಾಹನದ ಎರಡು ಪಕ್ಕಗಳಲ್ಲಿ ಮತ್ತು ಹಿಂಬದಿಯಲ್ಲಿ, ಒಟ್ಟು ಮೂರು ಕಡೆ, ತುರ್ತು ಮಾಹಿತಿಯ ಹಲಗೆ ಇರಬೇಕು. ಅದರಲ್ಲಿ ವಸ್ತುವಿನ ಸರಿಯಾದ ಹೆಸರು 50 ಮಿ.ಮೀ.ಗೆ ಕಡಿಮೆಯಿಲ್ಲದ ಅಕ್ಷರಗಳಲ್ಲಿ, ವಿಶ್ವಸಂಸ್ಥೆಯ ಸಂಖ್ಯೆ 100 ಮಿ.ಮೀ.ಗೆ ಕಡಿಮೆಯಿಲ್ಲದ ಅಂಕಿಗಳಲ್ಲಿ ಇರಬೇಕು. ಚೌಕದ ಗುರುತು 250 ಮಿ.ಮೀ.ಗಿಂತ ಚಿಕ್ಕದಿರಬಾರದು. ಸರಕು ಕಳಿಸಿದವರ ಹೆಸರು, ದೂರವಾಣಿ, ತುರ್ತು ಸೇವೆಯ ದೂರವಾಣಿ ಇವೂ ಬೇಕು.

ವಿಶ್ವಸಂಸ್ಥೆಯ ಸಂಖ್ಯೆ ಎಂದರೆ ನಾಲ್ಕು ಅಂಕಿಗಳ ಒಂದು ಗುಟ್ಟಿಲ್ಲದ ಹೆಸರು. 1075 ಎಂದರೆ ಅಡುಗೆ ಅನಿಲ. 1017 ಎಂದರೆ ಕ್ಲೋರಿನ್. 1005 ಅಮೋನಿಯ. 1001 ಅಸಿಟಲಿನ್. ಸಿಲಿಂಡರಿನ ಆಮ್ಲಜನಕ 1072, ಟ್ಯಾಂಕರಿನ ದ್ರವ ಆಮ್ಲಜನಕ 1073. ಭಾಷೆ ಯಾವುದಿರಲಿ, ದೇಶ ಯಾವುದಿರಲಿ, ಸಂಖ್ಯೆ ಬದಲಾಗದು. ಅಪಘಾತ ನೋಡಿದವರು ದೂರ ನಿಂತು ಈ ನಾಲ್ಕು ಅಂಕಿಗಳನ್ನು ದೂರವಾಣಿಯಲ್ಲಿ ಹೇಳಿದರೆ, ಬರುವ ಅಗ್ನಿಶಾಮಕ ದಳ ದಾರಿಯಲ್ಲೇ ಸಿದ್ಧವಾಗಿ ಬರುತ್ತದೆ.

ಅಡುಗೆ ಅನಿಲದ ಟ್ಯಾಂಕರಿನ ಹಲಗೆಯಲ್ಲಿ ‘2 ಡಬ್ಲ್ಯೂ ಇ’ ಎಂಬ ಸಂಕೇತವನ್ನೂ ಕಾಣಬಹುದು. ಅಗ್ನಿಶಾಮಕ ದಳದವರಿಗಾಗಿ ಬರೆದ ಸಂಕ್ಷಿಪ್ತ ಭಾಷೆ ಇದು. 2 ಎಂದರೆ ನೀರನ್ನು ಮಂಜಿನಂತೆ ಸಣ್ಣ ಹನಿಗಳಾಗಿ ಸಿಂಪಡಿಸಬೇಕು. ಡಬ್ಲ್ಯೂ ಎಂದರೆ ಸ್ಫೋಟದ ಭಯವಿದೆ, ಪೂರ್ತಿ ರಕ್ಷಣಾ ಉಡುಪು ಬೇಕು, ವಸ್ತು ಹರಡದಂತೆ ತಡೆಯಬೇಕು. ಕೊನೆಯ ‘ಇ’ ಅಕ್ಷರ ಎಲ್ಲರಿಗೂ ತಿಳಿದಿರಬೇಕಾದದ್ದು: ಸುತ್ತಲಿನ ಜನರನ್ನು ದೂರ ಕಳಿಸುವುದನ್ನು ಯೋಚಿಸಿ ಎಂದು ಅದರ ಅರ್ಥ.

ಚಾಲಕನಿಗೂ ನಿಯಮಗಳಿವೆ. ಇಂತಹ ವಾಹನ ನಡೆಸುವವನು ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಒಂದು ಭಾಷೆಯನ್ನೂ ಇಂಗ್ಲಿಷನ್ನೂ ಓದಿ ಬರೆಯಬಲ್ಲವನಾಗಿರಬೇಕು, ವಿಶೇಷ ತರಬೇತಿ ಪಡೆದಿರಬೇಕು. ಸರಕಿನ ಗುಣ, ಬೆಂಕಿ ಹತ್ತಿದರೆ ಏನು ಮಾಡಬೇಕು, ಮೈಗೆ ತಾಗಿದರೆ ಏನು ಚಿಕಿತ್ಸೆ ಎಂಬ ವಿವರದ ಕಾಗದ ಅವನ ಕ್ಯಾಬಿನ್ನಿನಲ್ಲಿಯೇ ಇರಬೇಕು.

ಇಷ್ಟೆಲ್ಲ ಏಕೆ ಎಂದು ಕೇಳುವವರು ಎರಡು ಊರುಗಳನ್ನು ನೆನೆಯಬೇಕು. 2012ರ ಆಗಸ್ಟ್ 27ರಂದು ಕೇರಳದ ಕಣ್ಣೂರಿನ ಹತ್ತಿರದ ಚಾಲದಲ್ಲಿ ಅಡುಗೆ ಅನಿಲದ ಟ್ಯಾಂಕರು ಉರುಳಿ ಬೆಂಕಿ ಹತ್ತಿತು. 20 ಜನ ಸತ್ತರು. ವರ್ಷ ತುಂಬುವ ಮೊದಲೇ, 2013ರ ಏಪ್ರಿಲ್‌ನಲ್ಲಿ, ದಕ್ಷಿಣ ಕನ್ನಡದ ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಇಂತಹದೇ ಟ್ಯಾಂಕರು ಉರುಳಿತು. ಸೋರಿದ ಅನಿಲಕ್ಕೆ ಕಿಡಿ ತಾಗಿ ರಸ್ತೆಯ ಪಕ್ಕದ ಮನೆಗಳು ಉರಿದವು, ಹಲವರು ಜೀವ ಕಳೆದುಕೊಂಡರು. ಎರಡೂ ಕಡೆ ಹೆದ್ದಾರಿ, ಎರಡೂ ಕಡೆ ರಸ್ತೆಗೆ ಅಂಟಿಕೊಂಡ ಮನೆಗಳು. ನಮ್ಮ ಭಾಗದ ಹೆದ್ದಾರಿಯ ಊರುಗಳೂ ಹಾಗೆಯೇ ಇವೆ.

ಬಣ್ಣ ಸಾಲದು, ಹೆಸರು ಬೇಕು

ಲಾರಿಯಿಂದ ಇಳಿದ ಸಿಲಿಂಡರಿಗೆ ಬೇರೆಯೇ ನಿಯಮಗಳು. 1884ರ ಸ್ಫೋಟಕಗಳ ಕಾಯಿದೆಯ ಕೆಳಗೆ ಅನಿಲ ಸಿಲಿಂಡರುಗಳ ನಿಯಮಗಳು ಮೊದಲು 1940ರಲ್ಲಿ ಬಂದವು. ಆಮೇಲೆ 1981, 2004 ಮತ್ತು 2016ರಲ್ಲಿ ಅವನ್ನು ಹೊಸದಾಗಿ ರಚಿಸಲಾಯಿತು. ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ ಇವನ್ನು ನೋಡಿಕೊಳ್ಳುತ್ತದೆ.

ಪ್ರತಿ ಸಿಲಿಂಡರಿನ ಮೇಲೂ ಅನಿಲದ ಹೆಸರು, ತುಂಬಿದವರ ಹೆಸರು ವಿಳಾಸ ಇರಬೇಕು. ಜೊತೆಗೆ ಒಂದು ಎಚ್ಚರಿಕೆಯ ಚೀಟಿ. ಅದರ ಸಾರ ಐದು ಮಾತುಗಳಲ್ಲಿದೆ: ಸಿಲಿಂಡರಿನ ಬಣ್ಣ ಬದಲಿಸಬೇಡಿ, ಈಗಿರುವ ಅನಿಲವಲ್ಲದೆ ಬೇರೆಯದನ್ನು ತುಂಬಬೇಡಿ, ಸಮೀಪದಲ್ಲಿ ಹೊತ್ತಿಕೊಳ್ಳುವ ವಸ್ತು ಇಡಬೇಡಿ, ಕವಾಟಕ್ಕೆ ಎಣ್ಣೆ, ಗ್ರೀಸ್ ಹಚ್ಚಬೇಡಿ, ಮುಂದಿನ ಪರೀಕ್ಷೆಯ ದಿನಾಂಕ ಮೀರಿದ್ದರೆ ಸಿಲಿಂಡರನ್ನು ತೆಗೆದುಕೊಳ್ಳಬೇಡಿ.

ಬಣ್ಣಗಳಿಗೆ ಭಾರತೀಯ ಮಾನಕಗಳಿವೆ. ಆಸ್ಪತ್ರೆಯ ಆಮ್ಲಜನಕಕ್ಕೆ ಕಪ್ಪು ಮೈ, ಬಿಳಿ ಹೆಗಲು. ಅಸಿಟಲಿನ್‌ಗೆ ಕಂದುಗೆಂಪು, ಜಲಜನಕಕ್ಕೆ ಕೆಂಪು, ಕ್ಲೋರಿನ್‌ಗೆ ಹಳದಿ. ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡಿಗೆ ನೀಲಿ. ಆದರೆ ಕಾರ್ಖಾನೆಯ ಆರ್ಗಾನಿಗೂ ನೀಲಿಯೇ! ಅಡುಗೆ ಅನಿಲವೂ ಕೆಂಪು, ಜಲಜನಕವೂ ಕೆಂಪು. ಪರದೇಶದ ಮಾತು ಇನ್ನೂ ಬೇರೆ. ಅಮೆರಿಕದಲ್ಲಿ ಆಸ್ಪತ್ರೆಯ ಆಮ್ಲಜನಕದ ಬಣ್ಣ ಹಸಿರು. 2021ರ ಕೋವಿಡ್ ಸಂಕಟದ ದಿನಗಳಲ್ಲಿ ಪರದೇಶಗಳಿಂದ ಸಿಲಿಂಡರುಗಳು ಬಂದವು. ಅದೇ ಏಪ್ರಿಲ್‌ನಲ್ಲಿ ಸುರಕ್ಷತಾ ಸಂಸ್ಥೆಯು ಸಾರಜನಕ ಮತ್ತು ಆರ್ಗಾನ್ ಸಿಲಿಂಡರುಗಳನ್ನು ಷರತ್ತುಗಳ ಮೇಲೆ ಆಮ್ಲಜನಕಕ್ಕೆ ಮಾರ್ಪಡಿಸಲು ಅನುಮತಿ ಕೊಟ್ಟಿತು. ಸರಿಯಾಗಿ ಮಾರ್ಪಡಿಸಿದ ಸಿಲಿಂಡರು ಜೀವ ಉಳಿಸಿತು. ಆದರೆ ಒಳಗಿನದ್ದೊಂದು, ಹೊರಗಿನ ಬಣ್ಣ ಇನ್ನೊಂದು ಆದರೆ ಏನಾಗುತ್ತದೆಂದು ಯೋಚಿಸಿ. ಸಾರಜನಕವನ್ನು ಉಸಿರಾಡುವ ರೋಗಿಗೆ ವಾಸನೆಯೂ ತಿಳಿಯದು, ಉರಿಯೂ ತಿಳಿಯದು. ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ. ಆದ್ದರಿಂದ ಬಣ್ಣ ನೋಡಿ ಊಹಿಸಬಾರದು, ಹೆಸರು ಓದಿ ಖಚಿತಪಡಿಸಿಕೊಳ್ಳಬೇಕು.

ಓದಲು ಬಾರದವನ ಕೈಗೂ ತಿಳಿಯಲೆಂದು ಇನ್ನೊಂದು ಉಪಾಯವಿದೆ. ಕೈಗಾರಿಕೆಯ ಸಿಲಿಂಡರುಗಳಲ್ಲಿ ದಹನಶೀಲ ಅನಿಲದ ಕವಾಟಕ್ಕೆ ಎಡಕ್ಕೆ ತಿರುಗುವ ಮರೆ, ಉಳಿದವಕ್ಕೆ ಬಲಕ್ಕೆ ತಿರುಗುವ ಮರೆ ಇರುತ್ತದೆ. ಅಸಿಟಲಿನ್ನಿನ ನಟ್ಟು ಆಮ್ಲಜನಕದ ಕವಾಟಕ್ಕೆ ಕೂಡುವುದೇ ಇಲ್ಲ. ಕೂಡದ್ದನ್ನು ಬಡಿದು ಕೂಡಿಸುವವನಿಗೆ ಮಾತ್ರ ಯಾವ ನಿಯಮವೂ ನೆರವಾಗದು.

ಜಾತ್ರೆ, ರೈಲು, ಮೋಟಾರು ಸೈಕಲ್ಲು

ಬಾದಾಮಿಯ ಬನಶಂಕರಿ ಜಾತ್ರೆ ಎಂದರೆ ಜನಸಾಗರ. ನಾಟಕದ ಕಂಪನಿಗಳು, ಮಿಠಾಯಿ ಅಂಗಡಿಗಳು, ಮಿರ್ಚಿ ಭಜಿಯ ಒಲೆಗಳು, ನಡುವೆ ಬಲೂನಿನವರು. ಜಾತ್ರೆ ಯಾವುದೇ ಇರಲಿ, ಮೇಲಕ್ಕೆ ಹಾರುವ ಬಲೂನು ಕಂಡರೆ ಮಕ್ಕಳು ಸುತ್ತ ಮುತ್ತುತ್ತಾರೆ. ಪಾಲಕರು ಇಲ್ಲಿ ಒಂದು ಕ್ಷಣ ಸಿಲಿಂಡರಿನ ಕಡೆ ನೋಡಬೇಕು. ಬಲೂನಿಗೆ ತುಂಬುವುದು ಹೀಲಿಯಂ ಆದರೆ ಅದು ಉರಿಯದು, ಆದರೂ ಒತ್ತಡದ ಅಪಾಯ ಇದ್ದೇ ಇದೆ. ಜಲಜನಕವಾದರೆ ಗಾಳಿಯಲ್ಲಿ ಶೇಕಡಾ 4ರಿಂದ 75ರವರೆಗೆ ಯಾವ ಪ್ರಮಾಣದಲ್ಲಿ ಬೆರೆತರೂ ಹೊತ್ತಿಕೊಳ್ಳುತ್ತದೆ. ಇನ್ನೂ ಕೆಟ್ಟದ್ದೆಂದರೆ, ಹಳೆಯ ಸಿಲಿಂಡರಿನೊಳಗೆ ರಾಸಾಯನಿಕ ಹಾಕಿ ಜಲಜನಕವನ್ನು ಅಲ್ಲಿಯೇ ತಯಾರಿಸುವ ರೂಢಿ. ಅದರಲ್ಲಿ ಒತ್ತಡ ಎಷ್ಟು ಏರಿದೆ ಎಂಬುದು ಮಾರುವವನಿಗೂ ತಿಳಿಯದು. ಹೆಸರಿಲ್ಲದ, ಚೀಟಿಯಿಲ್ಲದ, ತುಕ್ಕು ಹಿಡಿದ ಸಿಲಿಂಡರು ಕಂಡರೆ ಮಗುವಿನ ಕೈ ಹಿಡಿದು ಮುಂದೆ ನಡೆಯುವುದೇ ಲೇಸು. ಬಲೂನು ಇನ್ನೊಂದು ಅಂಗಡಿಯಲ್ಲಿ ಸಿಕ್ಕೀತು.

ಕೂಡಲಸಂಗಮಕ್ಕೋ ಬನಶಂಕರಿಗೋ ಹೋಗುವಾಗ ಅಡುಗೆಗೆಂದು ಸಿಲಿಂಡರು ಕಟ್ಟಿಕೊಂಡು ಹೋಗುವವರಿದ್ದಾರೆ. ಬಾಗಲಕೋಟೆ, ಬಾದಾಮಿಗಳ ಮೇಲೆ ಹಾಯುವ ರೈಲಿನಲ್ಲಿ ಇದಕ್ಕೆ ಅವಕಾಶವಿಲ್ಲ. 1989ರ ರೈಲ್ವೆ ಕಾಯಿದೆಯ ಪ್ರಕಾರ ಅಪಾಯದ ವಸ್ತುವನ್ನು ಕಾನೂನಿಗೆ ವಿರುದ್ಧವಾಗಿ ಒಯ್ದರೆ ಮೂರು ವರ್ಷಗಳವರೆಗೆ ಸೆರೆವಾಸ ಆಗಬಹುದು.

ಇನ್ನು ಮೋಟಾರು ಸೈಕಲ್ಲು. ತುಂಬಿದ ಸಿಲಿಂಡರನ್ನು ಹಿಂದೆ ಕೂತವರ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಹೋಗುವ ನೋಟ ಎಲ್ಲ ಊರುಗಳಲ್ಲೂ ಕಾಣುತ್ತದೆ. ತುಂಬಿದ ಸಿಲಿಂಡರನ್ನು ಸೈಕಲ್ಲಿನಲ್ಲಾಗಲಿ ಮೋಟಾರಿನ ದ್ವಿಚಕ್ರ ವಾಹನದಲ್ಲಾಗಲಿ ಸಾಗಿಸಬಾರದೆಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಅಡುಗೆ ಅನಿಲದ ಸಿಲಿಂಡರನ್ನು ಯಾವಾಗಲೂ ನೆಟ್ಟಗೆ ನಿಲ್ಲಿಸಬೇಕು. ಏಕೆ? ನಿಂತ ಸಿಲಿಂಡರಿನಲ್ಲಿ ಕವಾಟದ ಕೆಳಗಿರುವುದು ಆವಿ. ಅಡ್ಡ ಮಲಗಿಸಿದರೆ ಅಲ್ಲಿಗೆ ದ್ರವ ಬರುತ್ತದೆ. ಆಗ ಸೋರಿದರೆ ಸೋರುವುದು ದ್ರವ, ಅದು ಹಿಗ್ಗುವುದು 250 ಪಟ್ಟು.

ಲಾರಿ, ಟೆಂಪೊಗಳಿಗೂ ಮಾತುಗಳಿವೆ. ಸಿಲಿಂಡರುಗಳು ಒಂದಕ್ಕೊಂದು ಬಡಿಯದಂತೆ, ಬೀಳದಂತೆ ಬಿಗಿಯಬೇಕು. ವಾಹನದ ಅಂಚಿನಿಂದ ಹೊರಗೆ ಚಾಚಬಾರದು. ದಹನಶೀಲ ಅನಿಲದ ಜೊತೆ ಬೇರೆ ಬಗೆಯ ಅನಿಲದ ಸಿಲಿಂಡರು ಹೇರಬಾರದು. ವಿಷಾನಿಲದ ಜೊತೆ ಆಹಾರ ಪದಾರ್ಥ ಒಯ್ಯಬಾರದು. ವೆಲ್ಡಿಂಗ್ ಅಂಗಡಿಗೆ ಹೋಗುವ ಆಮ್ಲಜನಕ, ಅಸಿಟಲಿನ್ನುಗಳನ್ನು ಒಂದೇ ಟೆಂಪೊದಲ್ಲಿ ಉರುಳಾಡಿಸಿಕೊಂಡು ಹೋಗುವವರು ಬೆಂಕಿಯನ್ನೂ ಅದಕ್ಕೆ ಬೇಕಾದ ಗಾಳಿಯನ್ನೂ ಜೊತೆಗೇ ಒಯ್ಯುತ್ತಿರುತ್ತಾರೆ.

ಬಾದಾಮಿಯ ಬಂಡೆಯ ಮೇಲೆ ಕೊರೆದ ಕಪ್ಪೆ ಅರಭಟ್ಟನ ಶಾಸನ ಸಾವಿರದ ಮುನ್ನೂರು ವರ್ಷಗಳಷ್ಟು ಹಳೆಯದು; ಇಂದಿಗೂ ಓದಬಹುದು. ಲಾರಿಯ ಹಲಗೆ ಎರಡು ಮಳೆಗಾಲಕ್ಕೆ ಮಾಸುತ್ತದೆ, ಸಿಲಿಂಡರಿನ ಚೀಟಿ ಹರಿದುಹೋಗುತ್ತದೆ. ಆದ್ದರಿಂದ ಬರೆಯುವುದು ಒಂದು ಸಲದ ಕೆಲಸವಲ್ಲ. ಮಾಸಿದ್ದನ್ನು ಮತ್ತೆ ಬರೆಸುವುದು ಮಾಲೀಕರ ಕರ್ತವ್ಯ, ಮಾಸಿದೆ ಎಂದು ಹೇಳುವುದು ಕಂಡವರ ಕರ್ತವ್ಯ.

ಸೋರಿದರೆ ಏನು ಮಾಡಬೇಕು?

ರಸ್ತೆಯಲ್ಲಿ ಟ್ಯಾಂಕರು ಉರುಳಿದ್ದು ಕಂಡರೆ ಹತ್ತಿರ ಹೋಗಬಾರದು, ಫೋಟೊ ತೆಗೆಯಲು ನಿಲ್ಲಬಾರದು. ಅಡುಗೆ ಅನಿಲವೂ ಕ್ಲೋರಿನ್ನೂ ಗಾಳಿಗಿಂತ ಭಾರ. ಅವು ಹಳ್ಳ, ಗಟಾರ, ತಗ್ಗುಗಳಲ್ಲಿ ನೀರಿನಂತೆ ಹರಿಯುತ್ತವೆ. ಆದ್ದರಿಂದ ಗಾಳಿ ಯಾವ ಕಡೆಯಿಂದ ಬೀಸುತ್ತದೆಯೋ ಆ ಕಡೆಗೆ, ಸುತ್ತು ಹಾಕಿಯಾದರೂ, ಎತ್ತರದ ಜಾಗಕ್ಕೆ ಹೋಗಬೇಕು. ಅನಿಲ ಹರಡಿದ ಜಾಗದಲ್ಲಿ ವಾಹನ ಚಾಲೂ ಮಾಡಬಾರದು, ಬೀಡಿ ಸಿಗರೇಟು ಹಚ್ಚಬಾರದು, ಮನೆಯ ದೀಪದ ಗುಂಡಿ ಒತ್ತಬಾರದು. ಒಲೆಗಳನ್ನು ಆರಿಸಬೇಕು. ದೂರ ಹೋದ ಮೇಲೆ 112ಕ್ಕೆ ಅಥವಾ ಅಗ್ನಿಶಾಮಕ ದಳದ 101ಕ್ಕೆ ಕರೆ ಮಾಡಿ, ಚೌಕದ ಚಿತ್ರ ಮತ್ತು ನಾಲ್ಕು ಅಂಕಿಗಳನ್ನು ಹೇಳಬೇಕು. ಮನೆಯ ಅಡುಗೆ ಅನಿಲ ಸೋರಿದರೆ 1906ಕ್ಕೆ ಕರೆ ಮಾಡಬಹುದು. ಅಡುಗೆ ಅನಿಲಕ್ಕೆ ತನ್ನದೇ ವಾಸನೆ ಇಲ್ಲವೆಂಬುದು ಬಹಳ ಜನಕ್ಕೆ ತಿಳಿಯದು. ಸೋರಿಕೆ ಗೊತ್ತಾಗಲೆಂದೇ ಅದಕ್ಕೆ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತುವನ್ನು ಬೆರೆಸುತ್ತಾರೆ. ಅದೂ ಒಂದು ಬಗೆಯ ಲೇಬಲ್ಲೇ. ಮೂಗಿನಿಂದ ಓದುವ ಲೇಬಲ್ಲು.

ಮಾಡಿ ನೋಡಿ

1. ಮನೆಯ ಸಿಲಿಂಡರಿನ ಮೇಲಿನ ಉಕ್ಕಿನ ಪಟ್ಟಿಗಳ ಒಳಬದಿಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕಿ ಬರೆದಿರುತ್ತದೆ. ‘ಎ’ ಎಂದರೆ ಜನವರಿಯಿಂದ ಮಾರ್ಚ್, ‘ಬಿ’ ಏಪ್ರಿಲ್‌ನಿಂದ ಜೂನ್, ‘ಸಿ’ ಜುಲೈನಿಂದ ಸೆಪ್ಟೆಂಬರ್, ‘ಡಿ’ ಅಕ್ಟೋಬರ್‌ನಿಂದ ಡಿಸೆಂಬರ್. ‘ಬಿ 30’ ಎಂದಿದ್ದರೆ 2030ರ ಜೂನ್ ಒಳಗೆ ಮುಂದಿನ ಪರೀಕ್ಷೆ ಆಗಬೇಕು. ನಿಮ್ಮ ಮನೆಯದು ಯಾವಾಗ? ಅವಧಿ ಮೀರಿದ್ದರೆ ಪಾಲಕರಿಗೆ ಹೇಳಿ, ವಿತರಕರಿಂದ ಬದಲಿಸಿಕೊಳ್ಳಿ.

2. ಶಾಲೆಯ ಬಿಸಿಯೂಟದ ಅಡುಗೆಮನೆಯ ಸಿಲಿಂಡರುಗಳನ್ನು ಶಿಕ್ಷಕರೊಂದಿಗೆ ಹೋಗಿ ಓದಿ. ನೆಟ್ಟಗೆ ನಿಂತಿವೆಯೇ, ಒಲೆಯಿಂದ ದೂರ ಇವೆಯೇ ನೋಡಿ.

3. ಒಂದು ಲೆಕ್ಕ. 7,000 ಲೀಟರ್ ಆಮ್ಲಜನಕವಿರುವ ಸಿಲಿಂಡರಿನಿಂದ ರೋಗಿಗೆ ನಿಮಿಷಕ್ಕೆ 10 ಲೀಟರ್ ಕೊಟ್ಟರೆ ಎಷ್ಟು ಹೊತ್ತು ಬಂದೀತು? ಉತ್ತರ: 700 ನಿಮಿಷ, ಅಂದರೆ 11 ಗಂಟೆ 40 ನಿಮಿಷ.

4. ಹೆದ್ದಾರಿಯ ಪಕ್ಕದಲ್ಲಿ ಮನೆಯಿರುವವರು, ಹಿರಿಯರ ಜೊತೆಗೆ ಸುರಕ್ಷಿತವಾದ ಜಾಗದಲ್ಲಿ ನಿಂತು, ಒಂದು ಗಂಟೆಯಲ್ಲಿ ಹಾದುಹೋಗುವ ಟ್ಯಾಂಕರುಗಳ ಅಂಕಿಗಳನ್ನು ಬರೆದುಕೊಳ್ಳಿ. 1075 ಎಷ್ಟು, ಬೇರೆ ಸಂಖ್ಯೆಗಳು ಯಾವುವು, ಎಷ್ಟು ಹಲಗೆಗಳನ್ನು ಓದಲು ಆಗಲೇ ಇಲ್ಲ ಎಂಬುದನ್ನು ಪಟ್ಟಿ ಮಾಡಿ. ಕೊನೆಯ ಅಂಕಿಯೇ ಎಲ್ಲಕ್ಕಿಂತ ಮುಖ್ಯವಾದದ್ದು.